ವಿದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪಾಸ್‌ಪೋರ್ಟ್: ಜನನ ಪ್ರಮಾಣಪತ್ರದ ಬಗ್ಗೆ ಓದುಗರ ಪ್ರಶ್ನೆಗಳು

ಹೊರದೇಶದಲ್ಲಿ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್ ಕುರಿತು ಬಂದ ಪತ್ರಗಳನ್ನು ಓದಿದಾಗ, ಎರಡು ಬೇರೆ ಬೇರೆ ಕೆಲಸಗಳನ್ನು ಹೆಚ್ಚಿನವರು ಒಂದೇ ಎಂದು ತಿಳಿದಿರುವುದು ಕಾಣುತ್ತದೆ. ಆ ದೇಶದ ಸರ್ಕಾರ ಕೊಟ್ಟ ಜನನ ಪ್ರಮಾಣಪತ್ರದ ಸಹಿ ಮತ್ತು ಮೊಹರು ಅಸಲಿ ಎಂದು ದೃಢೀಕರಿಸಿಕೊಳ್ಳುವುದು ಒಂದು ಕೆಲಸ. ಮಗುವಿನ ಜನನವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸುವುದು ಇನ್ನೊಂದು. ಮೊದಲನೆಯದು ತಡವಾದರೆ ಖರ್ಚು ಮತ್ತು ಓಡಾಟ ಹೆಚ್ಚುತ್ತದೆ. ಎರಡನೆಯದು ತಡವಾದರೆ ಮಗುವಿನ ಪೌರತ್ವದ ಪ್ರಶ್ನೆಯೇ ಕೇಂದ್ರ ಸರ್ಕಾರದ ಅನುಮತಿಗೆ ಕಾಯುವಂತಾಗುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಉತ್ತರಗಳನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಶಾರ್ಜಾದಲ್ಲಿದ್ದಾರೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಆರು ವಾರಗಳ ಹಿಂದೆ ಮೊಮ್ಮಗಳು ಹುಟ್ಟಿದ್ದಾಳೆ. ಜನನ ಪ್ರಮಾಣಪತ್ರ ಕೈಗೆ ಬಂದಿದೆ. ಅದಕ್ಕೆ ಅಪೊಸ್ಟಿಲ್ ಆಗದೆ ಪಾಸ್‌ಪೋರ್ಟ್ ಸಿಗುವುದಿಲ್ಲ ಎಂದು ಊರಿನ ಏಜೆಂಟರೊಬ್ಬರು ಹೇಳುತ್ತಾರೆ. ಜೆರಾಕ್ಸ್ ಪ್ರತಿ ಕಳಿಸಿದರೆ ಇಲ್ಲಿಯೇ ನೋಟರಿ ಮಾಡಿಸಿಕೊಡುತ್ತೇನೆ, ಅಷ್ಟೇ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು?
— ಓದುಗರು, ಕುಂದಾಪುರ

ಉತ್ತರ: ನಿಮ್ಮ ಮೊಮ್ಮಗಳ ವಿಷಯದಲ್ಲಿ ಇಬ್ಬರ ಸಲಹೆಯೂ ತಪ್ಪು. ಅಪೊಸ್ಟಿಲ್ ಎಂಬುದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಸರ್ಕಾರಿ ದಾಖಲೆಗಳನ್ನು ಒಂದೇ ದೃಢೀಕರಣದಲ್ಲಿ ಒಪ್ಪಿಕೊಳ್ಳುವ ವ್ಯವಸ್ಥೆ. ಭಾರತದ ಮಟ್ಟಿಗೆ ಅದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಗಲ್ಫ್ ದೇಶಗಳ ಪೈಕಿ ಒಮಾನ್ ಮತ್ತು ಬಹರೇನ್ ಆ ಒಪ್ಪಂದದಲ್ಲಿವೆ; ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರ್ 7ರಿಂದ ಜಾರಿಗೆ ಬಂದಿದೆ. ಸಂಯುಕ್ತ ಅರಬ್ ಎಮಿರೇಟ್ಸ್, ಕತಾರ್ ಮತ್ತು ಕುವೈತ್ ಈ ಉತ್ತರ ಬರೆಯುವ ಹೊತ್ತಿಗೆ ಸೇರಿಲ್ಲ. ಆದ್ದರಿಂದ ಶಾರ್ಜಾದಲ್ಲಿ ಹುಟ್ಟಿದ ಮಗುವಿನ ಕಾಗದಕ್ಕೆ ಅಪೊಸ್ಟಿಲ್ ಕೊಡುವ ಕಚೇರಿಯೇ ಅಲ್ಲಿಲ್ಲ. ಯಾರಾದರೂ ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳಿದರೆ ಕೊಡಬೇಡಿ.

ನೋಟರಿಯ ಮಾತು ಇನ್ನೂ ಸರಳ. ಗ್ರಾಮ ಆಡಳಿತಾಧಿಕಾರಿಯ ಸಹಿಯನ್ನು ಅವರ ಮೇಲಿನ ತಹಶೀಲ್ದಾರರು ಗುರುತಿಸಬಲ್ಲರೇ ಹೊರತು ಬೇರೆ ರಾಜ್ಯದ ಅಧಿಕಾರಿ ಗುರುತಿಸಲಾರರು. ದೃಢೀಕರಣದ ಸರಪಳಿ ಪೂರ್ತಿಯಾಗಿ ನಿಂತಿರುವುದು ಇದೇ ತತ್ವದ ಮೇಲೆ. ಶಾರ್ಜಾದ ಆರೋಗ್ಯ ಅಧಿಕಾರಿಯ ಸಹಿಯನ್ನು ಬಲ್ಲದ್ದು ಅಲ್ಲಿನ ಸರ್ಕಾರ. ಆ ಸರ್ಕಾರದ ವಿದೇಶಾಂಗ ಸಚಿವಾಲಯದ ಸಹಿ ಮತ್ತು ಮುದ್ರೆಗಳ ಮಾದರಿ ಇರುವುದು ಭಾರತೀಯ ರಾಯಭಾರ ಕಚೇರಿಯಲ್ಲಿ. ಕುಂದಾಪುರದ ನೋಟರಿಯ ಬಳಿ ಈ ಎರಡರಲ್ಲಿ ಯಾವುದೂ ಇಲ್ಲ. ಅವರು ಹೆಚ್ಚೆಂದರೆ ಜೆರಾಕ್ಸ್ ಮೂಲಕ್ಕೆ ಸರಿಹೊಂದುತ್ತದೆ ಎಂದು ಬರೆಯಬಹುದು. ಮೂಲವೇ ಅಸಲಿಯೋ ಅಲ್ಲವೋ ಎಂಬುದನ್ನು ಹೇಳಲು ಅವರಿಗೆ ಅಧಿಕಾರವಿಲ್ಲ.

ಹಾಗಾಗಿ ನಿಮ್ಮ ಮಗ ಹಿಡಿಯಬೇಕಾದ ದಾರಿ ಇದು. ಆರೋಗ್ಯ ಇಲಾಖೆಯಿಂದ ಬಂದ ಮೂಲ ಪ್ರಮಾಣಪತ್ರಕ್ಕೆ ಮೊದಲು ಆ ದೇಶದ ವಿದೇಶಾಂಗ ಸಚಿವಾಲಯದ ದೃಢೀಕರಣ ಮಾಡಿಸಬೇಕು. ಬಳಿಕ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿಗೂ ಮಗುವಿನ ಪಾಸ್‌ಪೋರ್ಟ್‌ಗೂ ಅರ್ಜಿ ಸಲ್ಲಿಸಬೇಕು. ಶಾರ್ಜಾದವರಿಗೆ ಸಂಬಂಧಿಸಿದ ಕಚೇರಿ ದುಬೈನಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್. ಅಬುಧಾಬಿಯಲ್ಲಿರುವ ರಾಯಭಾರ ಕಚೇರಿಯಲ್ಲ. ಪ್ರಮಾಣಪತ್ರ ಅರಬ್ಬಿ ಭಾಷೆಯಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ಪಡೆಯಬೇಕು. ಅರಬ್ಬಿ ಮೂಲವನ್ನು ಊರಿಗೆ ತಂದು ಇಲ್ಲಿ ಅನುವಾದ ಮಾಡಿಸುವುದಕ್ಕಿಂತ ಅಲ್ಲಿಯೇ ಮುಗಿಸಿಕೊಳ್ಳುವುದು ಎಷ್ಟೋ ಮೇಲು.

ಇಷ್ಟಕ್ಕೆ ಉತ್ತರ ಮುಗಿಯಬಹುದಿತ್ತು. ಆದರೆ ದೃಢೀಕರಣಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಒತ್ತಿ ಹೇಳುವುದು ನನ್ನ ಕರ್ತವ್ಯ. ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತಂದೆ ಮತ್ತು ತಾಯಿಯ ಪಾಸ್‌ಪೋರ್ಟ್‌ಗಳನ್ನು ತೆರೆದಿಟ್ಟು, ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಬೇಕು. ನಮ್ಮ ಕಡೆಯ ಹೆಸರುಗಳು ಅಲ್ಲಿ ಎಡವುವುದು ಹೆಚ್ಚು. ತಂದೆಯ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೋ ಅಜ್ಜನ ಹೆಸರನ್ನೋ ಬರೆದಿರುತ್ತಾರೆ, ಆಸ್ಪತ್ರೆಯಲ್ಲಿ ಬರೀ ಇನಿಷಿಯಲ್ ಕೊಟ್ಟಿರುತ್ತಾರೆ. ತಾಯಿಯ ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರಿರುತ್ತದೆ, ಪ್ರಮಾಣಪತ್ರದಲ್ಲಿ ಗಂಡನ ಮನೆತನದ ಹೆಸರು ಸೇರಿರುತ್ತದೆ. ಅರಬ್ಬಿ ಲಿಪಿಯಲ್ಲಿ ‘ಪ’ ಅಕ್ಷರವಿಲ್ಲದ ಕಾರಣ ಅದನ್ನು ‘ಬ’ ಎಂದೇ ಬರೆಯುತ್ತಾರೆ. ಆ ಅರಬ್ಬಿ ಪ್ರತಿಯಿಂದ ಮತ್ತೆ ಇಂಗ್ಲಿಷಿಗೆ ತಂದಾಗ ಪದ್ಮಾವತಿ ಬದ್ಮಾವತಿಯಾಗಿ, ಪ್ರಭಾಕರ ಬ್ರಭಾಕರನಾಗಿ ಬರುವುದುಂಟು. ದೃಢೀಕರಣದ ಅಧಿಕಾರಿ ಇದನ್ನು ತಿದ್ದುವುದಿಲ್ಲ, ಗಮನಿಸುವುದೂ ಇಲ್ಲ. ಏಕೆಂದರೆ ಅವರು ದೃಢೀಕರಿಸುವುದು ಕೆಳಗಿನ ಸಹಿಯನ್ನೇ ಹೊರತು ಮೇಲಿನ ಬರಹವನ್ನಲ್ಲ. ತಪ್ಪಿರುವ ಕಾಗದಕ್ಕೆ ಮುದ್ರೆ ಬಿದ್ದರೆ ತಪ್ಪೇ ಅಧಿಕೃತವಾಗಿ ಮುಂದಕ್ಕೆ ಹೋಗುತ್ತದೆ. ಆಮೇಲೆ ತಿದ್ದಿಸಬೇಕೆಂದರೆ ಆರೋಗ್ಯ ಇಲಾಖೆಯಿಂದ ಹೊಸ ಪ್ರಮಾಣಪತ್ರ, ಅದಕ್ಕೆ ಮತ್ತೆ ಸಚಿವಾಲಯದ ಶುಲ್ಕ, ಮತ್ತೆ ದೂತಾವಾಸ ಎಂದು ಇಡೀ ಸರಪಳಿಯನ್ನು ಮೊದಲಿನಿಂದ ನಡೆಯಬೇಕು.

ಮದುವೆಯ ದಾಖಲೆಯ ಬಗ್ಗೆಯೂ ಒಂದು ಮಾತು. ಕೊಲ್ಲಿ ರಾಷ್ಟ್ರಗಳಲ್ಲಿ ಜನನ ಪ್ರಮಾಣಪತ್ರಕ್ಕೂ ಹೆಂಡತಿ ಮಕ್ಕಳ ವೀಸಾಕ್ಕೂ ದೃಢೀಕೃತ ವಿವಾಹ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಕೇಳುತ್ತಾರೆ. ಲಗ್ನಪತ್ರಿಕೆಯಾಗಲಿ, ಕಲ್ಯಾಣಮಂಟಪದ ರಸೀತಿಯಾಗಲಿ, ದೇವಸ್ಥಾನದ ಚೀಟಿಯಾಗಲಿ ಅಲ್ಲಿ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸಿ, ಆ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರ, ಭಾರತದ ವಿದೇಶಾಂಗ ಸಚಿವಾಲಯ ಮತ್ತು (ಅಪೊಸ್ಟಿಲ್ ಒಪ್ಪಂದಕ್ಕೆ ಸೇರದ ದೇಶವಾದರೆ) ಆ ದೇಶದ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿಟ್ಟುಕೊಂಡೇ ಗರ್ಭಿಣಿಯನ್ನು ಕರೆದೊಯ್ಯುವುದು ಒಳ್ಳೆಯದು. ನಿಮ್ಮ ಮೊಮ್ಮಗಳ ಪ್ರಮಾಣಪತ್ರ ಈಗಾಗಲೇ ಬಂದಿರುವುದರಿಂದ ನಿಮಗೆ ಈ ತೊಂದರೆ ಇಲ್ಲ. ಆದರೆ ಈ ಅಂಕಣ ಓದುವ ಮತ್ತೊಂದು ಮನೆಯಲ್ಲಿ ಹೆರಿಗೆಗೆ ಇನ್ನೂ ಕಾಲವಿರಬಹುದು.

ಸಮಯದ ಲೆಕ್ಕವನ್ನೂ ಮಗನಿಗೆ ತಿಳಿಸಿ. ಆ ದೇಶದಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ನಿವಾಸಿ ವೀಸಾ ಆಗಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟ್‌ಗೆ ಈ ಪ್ರಮಾಣಪತ್ರ ಬೇಕು. ಆರು ವಾರ ಕಳೆದಿರುವುದರಿಂದ ಇನ್ನು ಕಾಯುವುದು ಬೇಡ.

ಪ್ರಶ್ನೆ: ನಾವು ದಾವಣಗೆರೆಯವರು, ಕೆಲಸದ ವೀಸಾದ ಮೇಲೆ ಲಂಡನ್ನಿನಲ್ಲಿದ್ದೇವೆ. ಮಗ ಇಲ್ಲಿಯೇ ಹುಟ್ಟಿದ್ದರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಸಿಗುತ್ತದೆಂದು ಭಾವಿಸಿ ಸುಮ್ಮನಿದ್ದೆವು. ಈಗ ಅವನಿಗೆ ಹದಿನಾಲ್ಕು ತಿಂಗಳು. ಬ್ರಿಟಿಷ್ ಪಾಸ್‌ಪೋರ್ಟ್‌ಗೆ ಅವನು ಅರ್ಹನಲ್ಲ ಎಂದು ತಿಳಿಯಿತು. ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮಾಡಿಸಿದರೆ ಭಾರತದ ಪಾಸ್‌ಪೋರ್ಟ್ ಸಿಗುತ್ತದೆಯೇ?
— ಓದುಗರು, ಲಂಡನ್

ಉತ್ತರ: ಅಪೊಸ್ಟಿಲ್ ಒಂದರಿಂದ ಸಿಗುವುದಿಲ್ಲ. ಪೀಠಿಕೆಯಲ್ಲಿ ಹೇಳಿದ ಎರಡನೆಯ ಕೆಲಸ ನಿಮ್ಮಲ್ಲಿ ಬಾಕಿಯಿದೆ.

ಬ್ರಿಟನ್ನಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವ ಕಾಲ 1983ರ ಜನವರಿ 1ಕ್ಕೆ ಮುಗಿಯಿತು. ಆ ದಿನ ಜಾರಿಗೆ ಬಂದ 1981ರ ಕಾಯ್ದೆಯ ಪ್ರಕಾರ ತಂದೆ ಅಥವಾ ತಾಯಿ ಅಲ್ಲಿನ ಪೌರರಾಗಿರಬೇಕು ಇಲ್ಲವೇ ಕಾಯಂ ವಾಸದ ಹಕ್ಕು ಪಡೆದಿರಬೇಕು. ಕೆಲಸದ ವೀಸಾ ಅದಕ್ಕೆ ಸಾಲದು. ನೀವು ಮಾಡಿದ ಊಹೆಯನ್ನು ನೂರಾರು ದಂಪತಿಗಳು ಮಾಡುತ್ತಾರೆ. ಅದರ ಭಾರ ಬೀಳುವುದು ಮಾತ್ರ ಮಗುವಿನ ಮೇಲೆ.

ಭಾರತದ ಕಡೆಯಿಂದ ನೋಡಿದರೆ 1955ರ ಪೌರತ್ವ ಕಾಯ್ದೆಯ 4ನೆಯ ಸೆಕ್ಷನ್ ಇಲ್ಲಿ ಮುಖ್ಯ. 1992ರ ಡಿಸೆಂಬರ್ 10ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಭಾರತದ ಪೌರರಾಗಿದ್ದರೂ ವಂಶದ ಮೂಲಕ ಪೌರತ್ವ ಬರುತ್ತದೆ. ಅದಕ್ಕೆ ಮೊದಲು ತಂದೆಯ ಮೂಲಕ ಮಾತ್ರ ಬರುತ್ತಿತ್ತು. ಆದರೆ 2004ರ ಡಿಸೆಂಬರ್ 3ರಿಂದ ಒಂದು ಕಟ್ಟುನಿಟ್ಟಾದ ಷರತ್ತು ಸೇರಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಿರಬೇಕು. ಆ ಅವಧಿ ಮೀರಿದ್ದರೆ ಕೇಂದ್ರ ಸರ್ಕಾರದ ಅನುಮತಿಯೊಂದಿಗೆ ಆಗಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಲಿಖಿತವಾಗಿ ಘೋಷಿಸಬೇಕು. ಈ ನೋಂದಣಿ ಇಲ್ಲದಿದ್ದರೆ ಮಗು ಪೌರನೇ ಅಲ್ಲ, ಎಷ್ಟು ಕಾಗದಗಳಿಗೆ ಎಷ್ಟು ಮುದ್ರೆ ಹಾಕಿಸಿದರೂ ಅಲ್ಲ.

ನಿಮ್ಮ ಮಗನಿಗೆ ವರ್ಷ ದಾಟಿದೆ, ಆದರೆ ಬಾಗಿಲು ಮುಚ್ಚಿಲ್ಲ. ಲಂಡನ್ನಿನ ಭಾರತೀಯ ಹೈಕಮಿಷನ್ ಮೂಲಕ ತಡವಾದ ನೋಂದಣಿಗೆ ಅರ್ಜಿ ಹಾಕಿ, ವಿಳಂಬಕ್ಕೆ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಅರ್ಜಿ ಗೃಹ ಸಚಿವಾಲಯದ ಅನುಮತಿಗೆ ಹೋಗುತ್ತದೆ. ಕಾನೂನು ತಿಳಿಯದೆ ಮಗು ಅಲ್ಲಿನ ಪೌರನೆಂದು ನಂಬಿದ್ದೆವು ಎಂಬುದು ನಾಚಿಕೆಪಡುವ ಕಾರಣವಲ್ಲ. ಇಲ್ಲದ ಕಾಯಿಲೆ, ಇಲ್ಲದ ಪ್ರಯಾಣಗಳನ್ನು ಸೇರಿಸಿದರೆ ಮಾತ್ರ ತೊಂದರೆ. ಅನುಮತಿ ಬರುವವರೆಗೆ ಪಾಸ್‌ಪೋರ್ಟ್ ಕೈಗೆ ಸಿಗದ ಕಾರಣ, ಊರಿಗೆ ಬರುವ ವಿಮಾನದ ಟಿಕೆಟ್ ಈಗಲೇ ಕಾದಿರಿಸಬೇಡಿ.

ಕಾಗದದ ವಿಷಯಕ್ಕೆ ಬಂದರೆ, ಇಂಗ್ಲೆಂಡಿನಲ್ಲಿ ಜನನ ಪ್ರಮಾಣಪತ್ರ ಎರಡು ಬಗೆಯದು. ಚಿಕ್ಕದರಲ್ಲಿ ಮಗುವಿನ ವಿವರ ಮಾತ್ರ ಇರುತ್ತದೆ, ತಂದೆತಾಯಿಯ ಹೆಸರೇ ಇರುವುದಿಲ್ಲ. ವಂಶದ ಮೂಲಕ ಪೌರತ್ವ ಕೇಳುವವರಿಗೆ ಅದರಿಂದ ಪ್ರಯೋಜನವಿಲ್ಲ. ಪೂರ್ಣ ಪ್ರಮಾಣಪತ್ರವನ್ನೇ ಪಡೆಯಿರಿ. ಅಪೊಸ್ಟಿಲ್ ಕೇಳಿದರೆ ಅದನ್ನು ಕೊಡುವುದು ಬ್ರಿಟನ್ನಿನ ವಿದೇಶಾಂಗ ಕಚೇರಿಯ ದೃಢೀಕರಣ ವಿಭಾಗ. ಜನನ ಪ್ರಮಾಣಪತ್ರಕ್ಕೆ ವಿದ್ಯುನ್ಮಾನ ಅಪೊಸ್ಟಿಲ್ ಕೊಡುವುದಿಲ್ಲವಾದ್ದರಿಂದ ಮೂಲ ಕಾಗದವನ್ನೇ ಕಳಿಸಬೇಕು.

ಪ್ರಶ್ನೆ: ನಮ್ಮ ಮಗಳು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ಹುಟ್ಟಿದಳು. ಅವಳಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ. ಮೈಸೂರಿಗೆ ಮರಳುವ ಆಲೋಚನೆ ಇರುವುದರಿಂದ ಭಾರತದ ಪಾಸ್‌ಪೋರ್ಟನ್ನೂ ಮಾಡಿಸಬೇಕೆಂದಿದ್ದೇವೆ. ಜನನ ಪ್ರಮಾಣಪತ್ರವನ್ನು ರಾಜ್ಯದ ಕಚೇರಿಗೆ ಅಪೊಸ್ಟಿಲ್‌ಗಾಗಿ ಕಳಿಸಿದೆವು, ಹಾಗೆಯೇ ಹಿಂದಿರುಗಿಸಿದರು. ಕಾರಣವೇನು?
— ಓದುಗರು, ನ್ಯೂಯಾರ್ಕ್

ಉತ್ತರ: ಎರಡು ಪಾಸ್‌ಪೋರ್ಟ್‌ಗಳನ್ನು ಇಟ್ಟುಕೊಳ್ಳಲು ಭಾರತದ ಕಾನೂನು ಬಿಡುವುದಿಲ್ಲ. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂಬ ಘೋಷಣೆಗೆ ನೀವು ಸಹಿ ಹಾಕುವಂತಿಲ್ಲ, ಏಕೆಂದರೆ ಅದು ಇದೆ. ನಿಮಗೆ ಉಳಿದಿರುವ ದಾರಿ ಸಾಗರೋತ್ತರ ಭಾರತೀಯ ಪೌರರ ಕಾರ್ಡ್, ಅಂದರೆ ಎಲ್ಲರೂ ಒಸಿಐ ಎನ್ನುವ ಕಾರ್ಡ್. ಮಗಳು ಇಲ್ಲಿ ಎಷ್ಟು ಕಾಲ ಬೇಕಾದರೂ ಇದ್ದು ಓದಬಹುದು. ಹೆಸರಿನಲ್ಲಿ ಪೌರ ಎಂದಿದ್ದರೂ ಅದು ಪೌರತ್ವವಲ್ಲ. ಮತದಾನದ ಹಕ್ಕಿಲ್ಲ, ಕೃಷಿ ಜಮೀನನ್ನು ಕೊಳ್ಳುವಂತಿಲ್ಲ.

ಕಾಗದ ಹಿಂದಿರುಗಲು ಕಾರಣ ನ್ಯೂಯಾರ್ಕ್ ನಗರದ ವ್ಯವಸ್ಥೆಯೇ ಬೇರೆಯಾಗಿರುವುದು. ಅಮೆರಿಕದಲ್ಲಿ ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಕೊಡುವುದು ಅದನ್ನು ನೀಡಿದ ರಾಜ್ಯವೇ ಹೊರತು ವಾಷಿಂಗ್ಟನ್ನಿನ ಕೇಂದ್ರ ಕಚೇರಿಯಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ನೀಡಿದ ಪ್ರಮಾಣಪತ್ರಕ್ಕಾದರೆ ರಾಜ್ಯದ ಮಟ್ಟಕ್ಕೆ ಹೋಗುವ ಮೊದಲು ಎರಡು ಮೆಟ್ಟಿಲುಗಳಿವೆ. ಪ್ರಮಾಣಪತ್ರ ಕೇಳುವಾಗಲೇ ಅದರ ಜೊತೆಗೆ ಲೆಟರ್ ಆಫ್ ಎಕ್ಸೆಂಪ್ಲಿಫಿಕೇಷನ್ ಎಂಬ ಪತ್ರವನ್ನೂ ಕೇಳಿ ಪಡೆಯಬೇಕು. ಎರಡನ್ನೂ ಮ್ಯಾನ್‌ಹಟನ್ನಿನಲ್ಲಿರುವ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದೃಢೀಕರಿಸಿಕೊಳ್ಳಬೇಕು. ಅದಾದ ಮೇಲೆ ರಾಜ್ಯದ ಕಚೇರಿ ಅಪೊಸ್ಟಿಲ್ ಕೊಡುತ್ತದೆ. ತಂದೆತಾಯಿಯ ಹೆಸರುಗಳಿರುವ ದೊಡ್ಡ ನಮೂನೆಯನ್ನೇ ಕೇಳಿ.

ಅಪೊಸ್ಟಿಲ್ ಕೈಗೆ ಬಂದಾಗ ಒಮ್ಮೆ ಓದಿ ನೋಡಿ. ಚೌಕದೊಳಗೆ ಒಂದರಿಂದ ಹತ್ತರವರೆಗೆ ಸಂಖ್ಯೆ ಹಾಕಿದ ಸಾಲುಗಳಿರುತ್ತವೆ. ಮೊದಲ ನಾಲ್ಕರಲ್ಲಿ ಯಾವ ದೇಶದ ದಾಖಲೆ, ಸಹಿ ಮಾಡಿದವರು ಯಾರು, ಯಾವ ಹುದ್ದೆಯಲ್ಲಿದ್ದು ಸಹಿ ಮಾಡಿದರು, ಯಾರ ಮೊಹರು ಎಂಬ ವಿವರ. ಉಳಿದವುಗಳಲ್ಲಿ ಎಲ್ಲಿ, ಯಾವತ್ತು, ಯಾರಿಂದ ದೃಢೀಕೃತವಾಯಿತು, ಅದರ ಕ್ರಮಸಂಖ್ಯೆ, ಮುದ್ರೆ, ಸಹಿ. ಮಗುವಿನ ಹೆಸರು ಆ ಹತ್ತು ಸಾಲುಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ಅದು ಯಾವ ಪ್ರಮಾಣಪತ್ರಕ್ಕೆ ಸೇರಿದ್ದು ಎಂಬುದಕ್ಕೆ ಆಧಾರ ಎರಡನ್ನೂ ಜೋಡಿಸಿದ ಸ್ಟೇಪಲ್ ಪಿನ್ ಮತ್ತು ಮೊಹರು ಮಾತ್ರ. ಜೆರಾಕ್ಸ್ ತೆಗೆಯಲೆಂದು ಪಿನ್ ಬಿಚ್ಚಿದರೆ ಅದನ್ನು ಕೆಡಿಸಿದಂತೆಯೇ. ಪುಟಗಳನ್ನು ಮಡಿಚಿಯೇ ಸ್ಕ್ಯಾನ್ ಮಾಡಿ, ಲ್ಯಾಮಿನೇಷನ್ ಮಾಡಿಸಬೇಡಿ.

ಪ್ರಶ್ನೆ: ಕುವೈತಿನಿಂದ ಕುಟುಂಬ ಸಮೇತ ಭಟ್ಕಳಕ್ಕೆ ಮರಳಿದ್ದೇವೆ. ಮಗ ಕುವೈತಿನಲ್ಲಿ ಹುಟ್ಟಿದವನು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿಯಾಗಿ ಪಾಸ್‌ಪೋರ್ಟ್ ಸಿಕ್ಕಿತ್ತು. ಇನ್ನು ಅದನ್ನು ನವೀಕರಿಸಬೇಕು. ಇಲ್ಲಿನ ಜನನ ಪ್ರಮಾಣಪತ್ರ ಇಲ್ಲದೆ ಕಷ್ಟವಾಗುತ್ತದೆ, ಊರಿನಲ್ಲೇ ಹುಟ್ಟಿದಂತೆ ಒಂದನ್ನು ಮಾಡಿಸಿಬಿಡಿ ಎಂದು ಪರಿಚಯದವರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರು, ಭಟ್ಕಳ

ಉತ್ತರ: ದಯವಿಟ್ಟು ಬೇಡ. ಮಗನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಸ್ಥಳ ಕುವೈತ್ ಎಂದು ಅಚ್ಚಾಗಿದೆ. ಭಟ್ಕಳದಲ್ಲಿ ಹುಟ್ಟಿದಂತೆ ಇನ್ನೊಂದು ದಾಖಲೆ ಸೃಷ್ಟಿಸಿದರೆ ಒಬ್ಬನೇ ಮಗನಿಗೆ ಎರಡು ಜನ್ಮಸ್ಥಳಗಳಾಗುತ್ತವೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್‌ಗಾಗಿ ತಿಳಿದೂ ಸುಳ್ಳು ಮಾಹಿತಿ ಕೊಟ್ಟವರಿಗೆ 2 ವರ್ಷಗಳವರೆಗೆ ಜೈಲುಶಿಕ್ಷೆ ಅಥವಾ ದಂಡ ಅಥವಾ ಎರಡೂ ಆಗಬಹುದು. ಸಲಹೆ ಕೊಟ್ಟ ಪರಿಚಯದವರು ಆ ಹೊತ್ತಿಗೆ ಜೊತೆಯಲ್ಲಿರುವುದಿಲ್ಲ.

ಅಷ್ಟಕ್ಕೂ ಅದರ ಅಗತ್ಯವೇ ನಿಮಗಿಲ್ಲ. 1969ರ ಜನನ ಮತ್ತು ಮರಣಗಳ ನೋಂದಣಿ ಕಾಯ್ದೆಯ 20ನೆಯ ಸೆಕ್ಷನ್ ನಿಮ್ಮಂಥವರಿಗಾಗಿಯೇ ಇದೆ. ಪೌರತ್ವ ಕಾಯ್ದೆಯ ನಿಯಮಗಳಂತೆ ದೂತಾವಾಸದಲ್ಲಿ ನೋಂದಣಿಯಾಗಿ ರಿಜಿಸ್ಟ್ರಾರ್ ಜನರಲ್ ಅವರಲ್ಲಿ ದಾಖಲಾದ ಜನನವನ್ನು ಈ ಕಾಯ್ದೆಯಡಿಯೇ ನೋಂದಣಿಯಾದದ್ದೆಂದು ಪರಿಗಣಿಸಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಕುವೈತಿನ ಭಾರತೀಯ ರಾಯಭಾರ ಕಚೇರಿ ಕೊಟ್ಟ ಜನನ ನೋಂದಣಿಯ ಪ್ರಮಾಣಪತ್ರವೇ ನಿಮ್ಮ ಆಧಾರ. ಅದು ಕಳೆದುಹೋಗಿದ್ದರೆ ಅದೇ ಕಚೇರಿಗೆ ಬರೆದು ಪ್ರತಿ ಕೇಳಿ. ನವೀಕರಣದ ಅರ್ಜಿಯ ಜೊತೆ ಹಳೆಯ ಪಾಸ್‌ಪೋರ್ಟ್, ತಂದೆತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ ಘೋಷಣೆ ಇರಲಿ. ಒಬ್ಬರು ಇನ್ನೂ ಹೊರದೇಶದಲ್ಲಿದ್ದರೆ ಅವರ ಸಹಿಯ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ, ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ.

ಅಲ್ಲಿ ನೋಂದಣಿ ಮಾಡಿಸದೆ ಬಂದ ಕುಟುಂಬಗಳಿಗೆ ಇದೇ ಸೆಕ್ಷನ್ ಇನ್ನೊಂದು ದಾರಿಯನ್ನು ಕೊಟ್ಟಿದೆ. ಭಾರತದಲ್ಲಿ ನೆಲೆಸಲೆಂದು ಮರಳಿದ ತಂದೆತಾಯಿ, ಮಗು ಭಾರತಕ್ಕೆ ಬಂದ ದಿನದಿಂದ 60 ದಿನಗಳೊಳಗೆ ಇಲ್ಲಿನ ನೋಂದಣಾಧಿಕಾರಿಯ ಬಳಿ ಜನನವನ್ನು ನೋಂದಾಯಿಸಬಹುದು. 60 ದಿನ ದಾಟಿದರೆ ತಡವಾದ ನೋಂದಣಿಯ ನಿಯಮಗಳು ಅನ್ವಯಿಸುತ್ತವೆ. ಹೊರದೇಶದಲ್ಲಿ ಹುಟ್ಟಿದ್ದೆಂದೇ ಅಲ್ಲಿ ನಮೂದಾಗಬೇಕು. ಇದು ಜನನದ ನೋಂದಣಿ ಮಾತ್ರ, ಪೌರತ್ವ ಕಾಯ್ದೆಯ ಒಂದು ವರ್ಷದ ಷರತ್ತಿಗೆ ಪರ್ಯಾಯವಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳ ವಿಷಯದಲ್ಲಿ ನೋಂದಣಿಯ ಮಹತ್ವ ಇನ್ನೂ ಹೆಚ್ಚಿದೆ: 2025ರಲ್ಲಿ ತಿದ್ದುಪಡಿಯಾದ ಪಾಸ್‌ಪೋರ್ಟ್ ನಿಯಮಗಳ ಪ್ರಕಾರ ಅಂಥವರ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ, ಶಾಲೆಯ ದಾಖಲೆಯಾಗಲಿ ಬೇರೆ ಗುರುತಿನ ಚೀಟಿಯಾಗಲಿ ನಡೆಯುವುದಿಲ್ಲ.

ಕುವೈತಿನ ಮೂಲ ಪ್ರಮಾಣಪತ್ರ ಅರಬ್ಬಿಯಲ್ಲಿದ್ದು ಅಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣ ಆಗಿರದಿದ್ದರೆ, ಇನ್ನೂ ಅಲ್ಲಿರುವ ಬಂಧುಗಳೊಬ್ಬರಿಗೆ ಅಧಿಕಾರಪತ್ರ ಕೊಟ್ಟು ಈಗಲೇ ಮಾಡಿಸಿಟ್ಟುಕೊಳ್ಳಿ. ಅವರೂ ಊರಿಗೆ ಮರಳಿದ ಮೇಲೆ ಅದೇ ಕೆಲಸಕ್ಕೆ ಅಪರಿಚಿತ ಏಜೆಂಟರನ್ನು ಹಿಡಿಯಬೇಕಾಗುತ್ತದೆ.